ಆರ್ಕಿಡ್ ಪೆಟ್ಟಿಗೆಗೆ ಮೂರನೆಯ ದೀಪ

ಪುಣೆಯ ಕೋಥ್ರೂಡಿನಲ್ಲಿರುವ ನಮ್ಮ ಮನೆಯ ಕಿಟಕಿಗಳೆಲ್ಲ ಉತ್ತರಕ್ಕಿವೆ, 15 ಅಡಿ ಆಚೆಗೆ ಪಕ್ಕದ ಸೊಸೈಟಿಯ ಗೋಡೆ ಎದ್ದು ನಿಂತಿದೆ. ನಡುಮಧ್ಯಾಹ್ನ ಕಿಟಕಿಯ ಕಟ್ಟೆಯ ಮೇಲೆ ಬೆಳಕು ಅಳೆಯುವ ಲಕ್ಸ್ ಮೀಟರ್ ಇಟ್ಟರೂ ಅಂಕಿ 900 ದಾಟುವುದಿಲ್ಲ. ಶಿರಸಿಯ ತೋಟದಲ್ಲಿ ಹಲಸಿನ ಮರದ ಕವಲಿಗೆ ಅಂಟಿಕೊಂಡು ಮುಂಗಾರಿನ ಹೊತ್ತಿಗೆ ಗೊಂಚಲು ಇಳಿಬಿಡುವ ಸೀತಾಳೆ ದಂಡೆ ಎಂಬ ಆರ್ಕಿಡ್ಡನ್ನು ನೋಡುತ್ತ ಬೆಳೆದವಳು ನಾನು. ಹೋದ ವರ್ಷ ಜನವರಿಯಲ್ಲಿ ಎಂಪ್ರೆಸ್ ಗಾರ್ಡನ್ನಿನ ಪುಷ್ಪ ಪ್ರದರ್ಶನಕ್ಕೆ ಹೋದವಳು ಎರಡು ಗಿಡ್ಡ ತಳಿಯ ಫೆಲನಾಪ್ಸಿಸ್, ಒಂದು ಪ್ಯಾಫಿಯೋಪೆಡಿಲಮ್, ಒಂದು ಲುಡಿಸಿಯಾ, ಹೀಗೆ ನಾಲ್ಕು ಆರ್ಕಿಡ್ ಗಿಡ ಕೊಂಡು ತಂದೆ. ಊರಿನಿಂದ ಸೀತಾಳೆ ದಂಡೆಯನ್ನೇ ಕಳಿಸಲೇ ಎಂದು ಅಮ್ಮ ಫೋನಿನಲ್ಲಿ ಕೇಳಿದ್ದರು. ಅದಕ್ಕೆ ಬೇಕಾದ ಬೆಳಕು ಮತ್ತು ಗಾಳಿ ನನ್ನ ಮನೆಯಲ್ಲಿಲ್ಲ, ಮರದ ಮೇಲೆ ಸುಖವಾಗಿರುವುದನ್ನು ಕಿತ್ತು ತರುವುದಕ್ಕೆ ಮನಸ್ಸೂ ಒಪ್ಪಲಿಲ್ಲ.

ಮಾರ್ಚ್ ಬಂದೊಡನೆ ಪುಣೆಯ ಗಾಳಿ ಒಣಗುತ್ತದೆ. ಮಧ್ಯಾಹ್ನ ನಮ್ಮ ಕೋಣೆಯ ತೇವಾಂಶ 22 ಪ್ರತಿಶತಕ್ಕೆ ಇಳಿದ ದಿನ ಲುಡಿಸಿಯಾದ ಎಲೆಯ ಅಂಚು ಸುರುಳಿಕಟ್ಟಿತು. ಅಕ್ವೇರಿಯಂ ಮಾಡುವವರೊಬ್ಬರಿಂದ 5 ಮಿಲಿಮೀಟರ್ ದಪ್ಪದ ಗಾಜಿನಲ್ಲಿ 60 ಸೆಂಟಿಮೀಟರ್ ಉದ್ದ, 30 ಅಗಲ, 45 ಎತ್ತರದ ಪೆಟ್ಟಿಗೆಯನ್ನು ಮಾಡಿಸಿದೆ. ಮುಚ್ಚಳವನ್ನು ಎರಡು ತುಂಡು ಮಾಡಿಸಿ, ಹಿಂದಿನ ಅಂಚಿನಲ್ಲಿ ಗಾಳಿಗೆಂದು 2 ಸೆಂಟಿಮೀಟರ್ ಸಂದು ಬಿಡಿಸಿದೆ. ತಳಕ್ಕೆ ಜಲ್ಲಿ, ಅದರ ಮೇಲೆ ಪ್ಲಾಸ್ಟಿಕ್ ಜಾಲರಿ, ಜಾಲರಿಯ ಮೇಲೆ ಕುಂಡಗಳು. ತೇವಾಂಶದ ತೊಂದರೆ ಆ ವಾರವೇ ತೀರಿತು. ಬೆಳಕಿನ ತೊಂದರೆ ತೀರಲು ಆಗಸ್ಟ್ ತಿಂಗಳಾಯಿತು.

ಮೊದಲು ತಂದದ್ದು ಗಿಡಗಳಿಗೆಂದೇ ಮಾರುವ ನೇರಳೆ ಬೆಳಕಿನ ದೀಪ. ಅದು ಬಂದ ರಟ್ಟಿನ ಡಬ್ಬಿಯ ಮೇಲೆ 100 ವ್ಯಾಟ್ ಎಂದು ಅಚ್ಚಾಗಿತ್ತು. ಪ್ಲಗ್ಗಿಗೆ ಸಿಕ್ಕಿಸುವ ವಿದ್ಯುತ್ ಮಾಪಕದಲ್ಲಿ ನೋಡಿದಾಗ ಅದು ಎಳೆಯುತ್ತಿದ್ದದ್ದು 17 ವ್ಯಾಟ್ ಮಾತ್ರ. ಗಿಡಗಳು ಕೆಂಪು ಮತ್ತು ನೀಲಿ ಬೆಳಕನ್ನಷ್ಟೇ ಬಳಸುತ್ತವೆ, ಹಸಿರು ಬೆಳಕು ಅವುಗಳಿಗೆ ವ್ಯರ್ಥ ಎಂಬ ಮಾತನ್ನು ಮಾರುವವರು ಹೇಳುತ್ತಾರೆ, ನಾನೂ ನಂಬಿದ್ದೆ. ಬಿಡಿಸಿ ತೆಗೆದ ಪತ್ರಹರಿತ್ತಿನ ದ್ರಾವಣದ ಮಟ್ಟಿಗೆ ಅದರಲ್ಲಿ ಹುರುಳಿದೆಯಾದರೂ ಇಡೀ ಎಲೆಯ ಮಟ್ಟಿಗೆ ಅದು ನಿಲ್ಲುವುದಿಲ್ಲ. ಕೀತ್ ಮೆಕ್ರೀ ಎಂಬ ವಿಜ್ಞಾನಿ 22 ಬಗೆಯ ಬೆಳೆಗಳ ಎಲೆಗಳನ್ನು ಒಂದೊಂದೇ ಬಣ್ಣದ ಬೆಳಕಿನಲ್ಲಿಟ್ಟು ಅಳೆದು 1972ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ, 400ರಿಂದ 700 ನ್ಯಾನೋಮೀಟರಿನ ನಡುವಿನ ಎಲ್ಲ ಬಣ್ಣಗಳೂ ದ್ಯುತಿಸಂಶ್ಲೇಷಣೆಗೆ ಒದಗುವುದು ಕಾಣುತ್ತದೆ. ಕೆಂಪು ತುಸು ಹೆಚ್ಚು ಒದಗುತ್ತದೆ, ಹಸಿರು ತುಸು ಕಡಿಮೆ, ಅಷ್ಟೇ. ದಪ್ಪ ಎಲೆಯಲ್ಲಂತೂ ಹಸಿರು ಬೆಳಕು ಕೆಂಪಿಗಿಂತ ಆಳಕ್ಕೆ ಇಳಿದು ಒಳಗಿನ ಕೋಶಗಳಿಗೂ ತಲುಪುತ್ತದೆ.

ನೇರಳೆ ದೀಪವನ್ನು ನಾನು ತೆಗೆದುಹಾಕಿದ್ದು ಈ ಲೆಕ್ಕಾಚಾರದಿಂದಲ್ಲ. ಆ ಬೆಳಕಿನಲ್ಲಿ ಎಲ್ಲ ಎಲೆಗಳೂ ಒಂದೇ ಕಪ್ಪು ಬಣ್ಣಕ್ಕೆ ಕಾಣುತ್ತಿದ್ದವು. ಏಪ್ರಿಲ್ ಮೊದಲ ವಾರದ ಒಂದು ಸಂಜೆ ಕುಂಡವನ್ನು ಹೊರಗೆ ತೆಗೆದು ಅಡುಗೆಮನೆಯ ಟ್ಯೂಬ್‌ಲೈಟಿನ ಕೆಳಗೆ ಹಿಡಿದಾಗ, ಚಿಕ್ಕ ಫೆಲನಾಪ್ಸಿಸ್‌ನ ನಡುವಿನ ಎಲೆಯ ಬುಡದಲ್ಲಿ ಎಂಟಾಣೆಯಷ್ಟು ಅಗಲದ ಕಂದು ಕಲೆ ಕಂಡಿತು. ಬೆರಳಿನಿಂದ ಮುಟ್ಟಿದರೆ ಮೇಲಿನ ಸಿಪ್ಪೆ ಜಾರಿ ಒಳಗಿನಿಂದ ನೀರು ಒಸರಿತು. ಅದು ಬ್ಯಾಕ್ಟೀರಿಯಾದ ಕೊಳೆ; ನೆತ್ತಿಯಲ್ಲಿ ನಿಂತ ನೀರು, ಚಲಿಸದ ಗಾಳಿ, ಸೆಕೆ, ಮೂರೂ ಕೂಡಿದಾಗ ಬರುತ್ತದೆ. ಸುಟ್ಟು ಆರಿಸಿದ ಬ್ಲೇಡಿನಿಂದ ಆ ಎಲೆಯನ್ನು ಬುಡದವರೆಗೆ ಕತ್ತರಿಸಿ, ಗಾಯಕ್ಕೆ ದಾಲ್ಚಿನ್ನಿ ಪುಡಿ ಹಚ್ಚಿದೆ. ಬಿಳಿ ಬೆಳಕಿದ್ದಿದ್ದರೆ ಆ ಕಲೆ ಸಾಸಿವೆ ಕಾಳಿನಷ್ಟಿದ್ದಾಗಲೇ ನನ್ನ ಕಣ್ಣಿಗೆ ಬೀಳುತ್ತಿತ್ತು. ಮನೆಯೊಳಗಿನ ಪೆಟ್ಟಿಗೆಗೆ ಬಿಳಿ ದೀಪವನ್ನೇ ಆರಿಸಬೇಕು ಎನ್ನಲು ನನಗೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಎರಡನೆಯ ದೀಪ ಕೊಳ್ಳುವ ಮುನ್ನ ಎಷ್ಟು ಬೆಳಕು ಬೇಕು ಎಂಬುದನ್ನು ಲೆಕ್ಕ ಹಾಕಿಕೊಂಡೆ. ಲಕ್ಸ್ ಎಂಬುದು ಮನುಷ್ಯನ ಕಣ್ಣಿನ ಅಳತೆ, ಹಸಿರು-ಹಳದಿಗೆ ಅದು ಹೆಚ್ಚು ತೂಕ ಕೊಡುತ್ತದೆ. ಗಿಡದ ಲೆಕ್ಕ ಬೇರೆ: ಪ್ರತಿ ಸೆಕೆಂಡಿಗೆ ಒಂದು ಚದರ ಮೀಟರ್ ಜಾಗದ ಮೇಲೆ ಬೀಳುವ ಬೆಳಕಿನ ಕಣಗಳ ಎಣಿಕೆ, ಅದನ್ನು ಮೈಕ್ರೋಮೋಲ್‌ಗಳಲ್ಲಿ ಹೇಳುತ್ತಾರೆ. ಅದನ್ನು ನೇರವಾಗಿ ಅಳೆಯುವ ಉಪಕರಣ ದುಬಾರಿ. ಆದರೆ ಸಾಮಾನ್ಯ ಬಿಳಿ ಎಲ್‌ಇಡಿಯಾದರೆ ಲಕ್ಸ್ ಅಂಕಿಯನ್ನು ಸುಮಾರು 70ರಿಂದ ಭಾಗಿಸಿದರೆ ಕೆಲಸಕ್ಕೆ ಸಾಕಾಗುವಷ್ಟು ಸರಿಯಾದ ಉತ್ತರ ಸಿಗುತ್ತದೆ, ಬಿಸಿಲಿಗಾದರೆ 54ರಿಂದ ಭಾಗಿಸಬೇಕು. ನೇರಳೆ ದೀಪಕ್ಕೆ ಈ ಉಪಾಯ ನಡೆಯುವುದಿಲ್ಲ, ಅಲ್ಲಿ ಲಕ್ಸ್ ಮೀಟರ್ ತೋರಿಸುವ ಅಂಕಿಗೆ ಅರ್ಥವೇ ಇಲ್ಲ.

ಫೆಲನಾಪ್ಸಿಸ್‌ಗೆ 10,000ದಿಂದ 15,000 ಲಕ್ಸ್ ಬೇಕೆಂದು ಎಲ್ಲೆಡೆ ಬರೆದಿರುತ್ತಾರೆ. ಅದು ಹಸಿರುಮನೆಯ ನಡುಹಗಲಿನ ಅಂಕಿ ಎಂಬುದನ್ನು ಮರೆಯಬಾರದು. ಬಿಸಿಲು ಬೆಳಿಗ್ಗೆ ಏರಿ ಸಂಜೆ ಇಳಿಯುತ್ತದೆ, ದೀಪ ಹಚ್ಚಿದ ಗಳಿಗೆಯಿಂದ ಆರಿಸುವ ಗಳಿಗೆಯ ತನಕ ಒಂದೇ ಸಮನೆ ಸುರಿಯುತ್ತದೆ. 8,000 ಲಕ್ಸ್ ಎಂದರೆ ಸುಮಾರು 114 ಮೈಕ್ರೋಮೋಲ್; 12 ಗಂಟೆ ಉರಿಸಿದರೆ ದಿನದ ಒಟ್ಟು ಮೊತ್ತ 4.9 ಮೋಲ್ ಆಗುತ್ತದೆ. ಗಿಡ್ಡ ಫೆಲನಾಪ್ಸಿಸ್ ಇಷ್ಟರಲ್ಲಿ ಹೂ ಬಿಡುತ್ತದೆ. ಪ್ಯಾಫಿಯೋಪೆಡಿಲಮ್‌ಗೆ ಇದಕ್ಕಿಂತ ತುಸು ಕಡಿಮೆ ಸಾಕು. ಲುಡಿಸಿಯಾ ಕಾಡಿನ ನೆಲದ ಮೇಲೆ ನೆರಳಿನಲ್ಲಿ ಬೆಳೆಯುವ ಗಿಡ, ಅದನ್ನು ಮಖಮಲ್ಲಿನಂಥ ಕಪ್ಪು ಎಲೆ ಮತ್ತು ಅದರ ಮೇಲಿನ ಕೆಂಪು ಗೆರೆಗಳಿಗಾಗಿ ಸಾಕುತ್ತಾರೆ, 4,000 ಲಕ್ಸ್‌ನಲ್ಲೇ ಅದು ತೃಪ್ತಿಯಿಂದಿರುತ್ತದೆ. ನನ್ನ ಪೆಟ್ಟಿಗೆಯ ತಳ 0.18 ಚದರ ಮೀಟರ್. ದೀಪದಿಂದ ಹೊರಟ ಬೆಳಕಿನಲ್ಲಿ ಹೆಚ್ಚುಕಡಿಮೆ ಅರ್ಧ ಪಕ್ಕದ ಗಾಜಿನಿಂದ ಹೊರಗೆ ಹೋಗುತ್ತದೆ ಎಂದು ಹಿಡಿದರೂ 24 ವ್ಯಾಟ್‌ನ ಒಳ್ಳೆಯ ಬಿಳಿ ಎಲ್‌ಇಡಿ ಸಾಕೆಂದು ಲೆಕ್ಕ ಹೇಳಿತು. ದಿನಕ್ಕೆ 12 ಗಂಟೆಯಂತೆ ತಿಂಗಳಿಗೆ 9 ಯೂನಿಟ್ಟಿಗಿಂತ ಕಡಿಮೆ ವಿದ್ಯುತ್.

ಬುಧವಾರ ಪೇಟೆಯ ತಪಕೀರ್ ಗಲ್ಲಿಯಲ್ಲಿ 12 ವೋಲ್ಟಿನ, ಮೇಲೆ ಸಿಲಿಕೋನ್ ಲೇಪವಿರುವ, ನೀರು ತಾಗದು ಎಂದು ಹೇಳಿ ಕೊಟ್ಟ ಎಲ್‌ಇಡಿ ಪಟ್ಟಿಯನ್ನು ತಂದು ಮುಚ್ಚಳದ ಒಳಮೈಗೇ ಅಂಟಿಸಿದೆ. ಬೆಳಕು ಚೆನ್ನಾಗಿತ್ತು. ನಾನು ಮರೆತದ್ದು ಶಾಖವನ್ನು. ಎಲ್‌ಇಡಿ ತಣ್ಣಗಿರುತ್ತದೆ ಎಂಬ ಮಾತು ಹಳೆಯ ಬಲ್ಬಿಗೆ ಹೋಲಿಸಿದಾಗ ಮಾತ್ರ ನಿಜ. ಅದು ತೆಗೆದುಕೊಂಡ ವಿದ್ಯುತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಬೆಳಕು ಕೊಡುವ ಪುಟ್ಟ ಚಿಪ್ಪಿನ ಬೆನ್ನಿನಲ್ಲೇ ಬಿಸಿಯಾಗಿ ಹೊರಬೀಳುತ್ತದೆ, ಬೆಳಕಾಗಿ ಹೊರಟದ್ದೂ ಎಲೆ, ಕಲ್ಲು, ಪಾಚಿಗಳ ಮೇಲೆ ಬಿದ್ದು ಕೊನೆಗೆ ಬಿಸಿಯೇ ಆಗುತ್ತದೆ. ದೊಡ್ಡ ಕೋಣೆಯಲ್ಲಿ 24 ವ್ಯಾಟ್ ಗಮನಕ್ಕೂ ಬಾರದು. ಸುಮಾರು 80 ಲೀಟರಿನ ಮುಚ್ಚಿದ ಗಾಜಿನ ಪೆಟ್ಟಿಗೆಯಲ್ಲಿ ಅದು ದಿನವಿಡೀ ಉರಿಯುವ ಸಣ್ಣ ಒಲೆ. ಮೇ ತಿಂಗಳ ಮಧ್ಯಾಹ್ನ ಕೋಣೆ 34 ಡಿಗ್ರಿಯಿದ್ದಾಗ ಪೆಟ್ಟಿಗೆಯ ಒಳಗೆ 39 ಡಿಗ್ರಿ ತೋರಿಸಿತು, ಎಲೆ ಮುಟ್ಟಿದರೆ ಬೆಚ್ಚಗಿತ್ತು. ಎಲೆ ಕೈಗೆ ಬೆಚ್ಚಗೆ ತಾಗಿತೆಂದರೆ ಬೆಳಕೋ ಶಾಖವೋ ಮಿತಿ ಮೀರಿದೆ ಎಂದೇ ಅರ್ಥ, ಅದಕ್ಕೆ ಮೀಟರ್ ಬೇಕಿಲ್ಲ.

ಆಗ ಮಾಡಬಹುದಾಗಿದ್ದುದು ಎರಡೇ ಕೆಲಸ. ದೀಪದ ಹೊತ್ತನ್ನು ಬದಲಿಸಿ ಬೆಳಗಿನ ಜಾವ 3ರಿಂದ ಮಧ್ಯಾಹ್ನ 2ರ ತನಕ ಉರಿಯುವಂತೆ ಟೈಮರ್ ತಿರುಗಿಸಿದೆ. ದಿನದ ಅತಿ ಹೆಚ್ಚಿನ ಸೆಕೆಯ ಹೊತ್ತಿಗೆ ದೀಪ ಆರಿರುತ್ತಿತ್ತು. ಪೂರ್ತಿ ರಾತ್ರಿಗೆ ತಳ್ಳಬಹುದಿತ್ತಲ್ಲ ಎಂದು ಮನೆಯವರು ಕೇಳಿದರು. ಫೆಲನಾಪ್ಸಿಸ್ ಕತ್ತಲಿನಲ್ಲಿ ಪತ್ರರಂಧ್ರ ತೆರೆದು ಇಂಗಾಲದ ಡೈಆಕ್ಸೈಡ್ ತೆಗೆದುಕೊಂಡು ಕೂಡಿಟ್ಟುಕೊಳ್ಳುವ ಜಾತಿಯದು, ಬೆಳಕಿನಲ್ಲಿ ರಂಧ್ರ ಮುಚ್ಚಿಕೊಂಡು ಆ ಕೂಡಿಟ್ಟದ್ದನ್ನು ಬಳಸುತ್ತದೆ. ಅದರ ಕತ್ತಲೆಯ ಹೊತ್ತು ದಿನದ ಅತಿ ಬಿಸಿಯ ಹೊತ್ತೇ ಆಗಿಬಿಟ್ಟರೆ ತೆರೆದ ರಂಧ್ರಗಳಿಂದ ನೀರು ವಿನಾಕಾರಣ ಹೋಗುತ್ತದೆ. ಹಾಗಾಗಿ ತಂಪಿನ ರಾತ್ರಿಯ ಮೊದಲರ್ಧವನ್ನು ಕತ್ತಲೆಗೇ ಬಿಟ್ಟೆ. ಇದೇ ಕಾರಣಕ್ಕೆ ಹೆಚ್ಚು ಬೆಳೆಯಲಿ ಎಂದು 24 ಗಂಟೆಯೂ ದೀಪ ಉರಿಸುವುದು ಈ ಗಿಡಕ್ಕೆ ಉಪಕಾರವಲ್ಲ. ಎರಡನೆಯದಾಗಿ, ಹಳೆಯ ರೂಟರಿನ 9 ವೋಲ್ಟಿನ ಅಡಾಪ್ಟರಿಗೆ ಕಂಪ್ಯೂಟರಿನ 12 ವೋಲ್ಟಿನ ಪುಟ್ಟ ಫ್ಯಾನ್ ಜೋಡಿಸಿ ಹಿಂದಿನ ಸಂದಿನ ಬಳಿ ಕೂರಿಸಿದೆ. ಕಡಿಮೆ ವೋಲ್ಟಿನಲ್ಲಿ ಅದು ಸದ್ದಿಲ್ಲದೆ ನಿಧಾನ ತಿರುಗುತ್ತದೆ, ಪಾಚಿಯ ಎಸಳು ಅಲುಗುವಷ್ಟು ಗಾಳಿ ಆಡುತ್ತದೆ. ಅಂದಿನಿಂದ ಕೊಳೆ ಮರಳಿ ಬಂದಿಲ್ಲ.

ಜುಲೈನಲ್ಲಿ ಪಟ್ಟಿಯ ಒಂದು ತುದಿಯಿಂದ ದೀಪಗಳು ಆರತೊಡಗಿದವು, ಅದೂ ಮೂರು ಮೂರಾಗಿ. ವಿಜಯಪುರದ ಕಡೆಯ ಎಲೆಕ್ಟ್ರಿಷಿಯನ್ ಒಬ್ಬರು ನಮ್ಮ ಸೊಸೈಟಿಗೆ ಬರುತ್ತಾರೆ, ಅವರಿಗೆ ತೋರಿಸಿದೆ. ಪಟ್ಟಿಯ ಕತ್ತರಿಸಿದ ತುದಿಯನ್ನು ಕಣ್ಣಿನ ಹತ್ತಿರ ಹಿಡಿದು, ಉಗುರಿನಿಂದ ಸಿಲಿಕೋನ್ ಎಬ್ಬಿಸಿದರು. ಕೆಳಗಿನ ತಾಮ್ರದ ಗೆರೆ ಹಳೆಯ ದೇವರ ಪಾತ್ರೆಯ ಕಿಲುಬಿನಂತೆ ಹಸಿರಾಗಿತ್ತು, ಬೆಸುಗೆಯ ಪಕ್ಕದಲ್ಲಿ ಗೆರೆಯೇ ತಿಂದುಹೋಗಿ ಕೂದಲೆಳೆಯ ಸಂದು ಬಿದ್ದಿತ್ತು. “ಅಕ್ಕಾರ, ಮ್ಯಾಲಿಂದ ನೀರು ಬಂದಿಲ್ರಿ, ಕತ್ತರಿಸಿದ ತುದಿಯಿಂದ ಒಳಗ ಹೊಕ್ಕೈತಿ. ಹನ್ನೆರಡು ವೋಲ್ಟಿನ ಪಟ್ಟಿಯೊಳಗ ಮೂರು ದೀಪ ಒಂದು ಸಾಲಿಗೆ ಇರ್ತಾವು, ಒಂದು ಕಡೆ ಕಡಿದ್ರ ಮೂರೂ ಹೋಗ್ತಾವು. ದೀಪ ಹೊರಗ ಇಡ್ರಿ, ಗಾಜು ಅಡ್ಡ ಬಂದ್ರ ಏನು ತೊಂದ್ರಿ ಐತಿ?” ಎಂದರು.

ಗಾಜು ಅಡ್ಡ ಬಂದರೆ ಎಷ್ಟು ಬೆಳಕು ಹೋಗುತ್ತದೆ ಎಂದು ಅಂದೇ ಸಂಜೆ ಅಳೆದೆ. ಸ್ವಚ್ಛವಾದ 5 ಮಿಲಿಮೀಟರ್ ಗಾಜು ನಿಲ್ಲಿಸುವುದು ಹತ್ತರಲ್ಲೊಂದು ಪಾಲು ಮಾತ್ರ. ಅಷ್ಟನ್ನು ಬಿಟ್ಟುಕೊಟ್ಟರೆ ನೀರು, ಕಿಲುಬು, ಚಿಪ್ಪಿನ ಬೆನ್ನಿನ ಬಿಸಿ ಮೂರೂ ಪೆಟ್ಟಿಗೆಯ ಹೊರಗೇ ಉಳಿಯುತ್ತವೆ. ಈ ವ್ಯಾಪಾರ ನನಗೆ ಲಾಭದ್ದೆಂದೇ ಕಂಡಿತು.

ಮೂರನೆಯ ದೀಪವನ್ನು ಆಗಸ್ಟಿನ ಎರಡು ಭಾನುವಾರ ಕೂತು ಕಟ್ಟಿದೆವು. ಈ ಸಲ 24 ವೋಲ್ಟಿನ, ಮೀಟರಿಗೆ 12 ವ್ಯಾಟ್‌ನ, 4000 ಕೆಲ್ವಿನ್ ಬಿಳಿಯ ಪಟ್ಟಿಯನ್ನು 2 ಮೀಟರ್ ತಂದೆ (ಕೆಲ್ವಿನ್ ಇಲ್ಲಿ ಬೆಳಕಿನ ಬಣ್ಣದ ಅಳತೆ). ಅದೇ ವ್ಯಾಟಿಗೆ ವೋಲ್ಟು ಇಮ್ಮಡಿಯಾದರೆ ಕರೆಂಟು ಅರ್ಧವಾಗುತ್ತದೆ, ಹಾಗಾಗಿ ಪಟ್ಟಿಯ ಉದ್ದಕ್ಕೂ ಬೆಳಕು ಮಂಕಾಗುವುದು ಕಡಿಮೆ. 4000 ಆರಿಸಿದ್ದು ಗಿಡಕ್ಕಾಗಿ ಎನ್ನುವುದಕ್ಕಿಂತ ನನಗಾಗಿ. 6500 ಕೆಲ್ವಿನ್‌ನಲ್ಲೂ ಗಿಡ ಬೆಳೆಯುತ್ತದೆ, ಆದರೆ ಆ ನೀಲಿ ಬೆಳಕು ಕೂರುವ ಕೋಣೆಗೆ ಆಸ್ಪತ್ರೆಯ ಕಳೆ ತರುತ್ತದೆ. ಬಣ್ಣಗಳನ್ನು ಸರಿಯಾಗಿ ತೋರಿಸುವ ಸೂಚ್ಯಂಕ 90ಕ್ಕಿಂತ ಹೆಚ್ಚಿರುವುದನ್ನು ಮಾತ್ರ ಹಟ ಹಿಡಿದು ಕೇಳಿ ತಂದೆ, ಏಕೆಂದರೆ ಆರ್ಕಿಡ್ ಎಲೆ ತನ್ನ ಸ್ಥಿತಿಯನ್ನು ಬಣ್ಣದಲ್ಲೇ ಹೇಳುತ್ತದೆ. ಕಡು ಹಸಿರಾಗಿ ಉದ್ದಕ್ಕೆ ಜೋತುಬಿದ್ದರೆ ಬೆಳಕು ಸಾಲದು, ಅಂಚಿಗೆ ಕೆಂಪು ಏರಿದರೆ ಹೆಚ್ಚಾಗುತ್ತಿದೆ, ಹಳದಿಗೆ ತಿರುಗಿ ಬಿಳಿಚಿದರೆ ಬಹಳ ಹೆಚ್ಚಾಗಿದೆ.

ಪಟ್ಟಿಯ ಮೇಲೆ ಕತ್ತರಿಯ ಗುರುತಿರುವಲ್ಲೇ ಕತ್ತರಿಸಿ 50 ಸೆಂಟಿಮೀಟರಿನ ನಾಲ್ಕು ತುಂಡು ಮಾಡಿದೆವು. ಪ್ರತಿಯೊಂದನ್ನೂ ಅಲ್ಯೂಮಿನಿಯಂ ಚಾನಲ್ಲಿನ ಒಳಗೆ ಅಂಟಿಸುವ ಮುನ್ನ ಚಾನಲ್ಲನ್ನು ಸ್ಪಿರಿಟ್ಟಿನಿಂದ ಒರೆಸಬೇಕು, ಇಲ್ಲವಾದರೆ ಬಿಸಿಗೆ ಅಂಟು ಬಿಟ್ಟು ಪಟ್ಟಿ ಜೋಲುತ್ತದೆ. ಬಿಸಿ ಲೋಹಕ್ಕೆ ಇಳಿಯದೆ ಚಿಪ್ಪಿನಲ್ಲೇ ಉಳಿದರೆ ಎಲ್‌ಇಡಿ ಬೇಗ ಮಂಕಾಗುತ್ತದೆ, ಆದ್ದರಿಂದ ಚಾನಲ್ ಅಲಂಕಾರದ ವಸ್ತುವಲ್ಲ. ಚಾನಲ್ಲಿನ ಹಾಲುಬಿಳಿ ಪ್ಲಾಸ್ಟಿಕ್ ಮುಚ್ಚಳವನ್ನು ಹಾಕಲಿಲ್ಲ, ಅದೊಂದೇ ಸಾಕಷ್ಟು ಬೆಳಕು ತಿನ್ನುತ್ತದೆ. ನಾಲ್ಕು ತುಂಡಿಗೂ ಬೇರೆ ಬೇರೆ ತಂತಿ ಬೆಸೆದು ಸಮಾಂತರವಾಗಿ ಜೋಡಿಸಿ, 24 ವೋಲ್ಟ್ 2 ಆಂಪಿಯರಿನ ಅಡಾಪ್ಟರಿಗೆ ಕೊಟ್ಟೆವು. ಬೇಕಾಗಿದ್ದುದು 1 ಆಂಪಿಯರ್ ಮಾತ್ರ, ಅರ್ಧ ಹೊರೆಯಲ್ಲಿ ಅಡಾಪ್ಟರ್ ತಣ್ಣಗಿರುತ್ತದೆ. ಚಾನಲ್ಲುಗಳನ್ನು 6 ಸೆಂಟಿಮೀಟರ್ ಅಂತರದಲ್ಲಿ ಎರಡು ಅಲ್ಯೂಮಿನಿಯಂ ಪಟ್ಟಿಗಳಿಗೆ ತಿರುಪಿನಿಂದ ಬಿಗಿದು, ನಾಲ್ಕು ಮೂಲೆಗೆ ಮಿಕ್ಸಿಯ ತಳಕ್ಕಿರುವಂಥ ರಬ್ಬರ್ ಬುಡ ಕೊಟ್ಟು, ಮುಚ್ಚಳದ ಗಾಜಿನಿಂದ 2 ಸೆಂಟಿಮೀಟರ್ ಎತ್ತರದಲ್ಲಿ ನಿಲ್ಲಿಸಿದೆವು. ಈ 2 ಸೆಂಟಿಮೀಟರ್ ಗಾಳಿಯೇ ಇಡೀ ಕೆಲಸದ ಜೀವ. ದೀಪವನ್ನು ಗಾಜಿಗೆ ತಾಗಿಸಿಟ್ಟರೆ ಗಾಜು ಕಾದು ಒಳಗಿನ ಗಾಳಿಯನ್ನೂ ಕಾಯಿಸುತ್ತದೆ; ಸಂದಿದ್ದರೆ ಬಿಸಿ ಗಾಳಿ ಪಕ್ಕದಿಂದ ಮೇಲಕ್ಕೆ ಹೊರಟುಹೋಗುತ್ತದೆ.

ಹೊಸ ದೀಪದ ಮೊದಲ ದಿನ ಹೊರಗಿಗಿಂತ ಒಳಗೆ ಹೆಚ್ಚಿದ್ದದ್ದು ಒಂದೂವರೆ ಡಿಗ್ರಿ. ಹಿಂದಿನ ಪಟ್ಟಿಯಲ್ಲಿ ಅದು ಐದು ಡಿಗ್ರಿಯಾಗಿತ್ತು.

ವಿದ್ಯುತ್ತಿನ ಬಗ್ಗೆ ಒಂದು ಮಾತು ಹೇಳಲೇಬೇಕು. ನೀರು ಚಿಮುಕಿಸುವ ಜಾಗದ ಪಕ್ಕದಲ್ಲಿ 230 ವೋಲ್ಟಿನ ಯಾವುದೂ ಇರಬಾರದು. ಅಡಾಪ್ಟರನ್ನು ಗೋಡೆಯ ಮೇಲೆ ಪೆಟ್ಟಿಗೆಗಿಂತ ಎತ್ತರದಲ್ಲಿ ಇಟ್ಟೆವು. ತಂತಿ ಅಲ್ಲಿಂದ ಒಮ್ಮೆ ಕೆಳಗೆ ಇಳಿದು ಬಾಗಿ ಆಮೇಲೆ ದೀಪಕ್ಕೆ ಏರುತ್ತದೆ. ತಂತಿಯ ಗುಂಟ ನೀರು ಜಾರಿದರೂ ಆ ಬಾಗಿನ ತುದಿಯಲ್ಲೇ ತೊಟ್ಟಿಕ್ಕುತ್ತದೆ, ಅಡಾಪ್ಟರಿನ ಕಡೆಗೆ ಹೋಗುವುದಿಲ್ಲ. ಆ ಸಾಲಿಗೆ ಕರೆಂಟು ಸೋರಿದರೆ ತಾನೇ ಕಡಿದುಬಿಡುವ 30 ಮಿಲಿಆಂಪಿಯರಿನ ಸೋರಿಕೆ ಬ್ರೇಕರ್ ಇದೆಯೇ ಎಂದು ಮೊದಲೇ ನೋಡಿಕೊಂಡೆವು. ಟೈಮರ್ ಮುಳ್ಳು ತಿರುಗುವ ಹಳೆಯ ಬಗೆಯದು. ಗುರುವಾರ ದುರಸ್ತಿಗೆಂದು ಕರೆಂಟು ತೆಗೆದಾಗಲೆಲ್ಲ ಅದು ಅಷ್ಟೇ ಹೊತ್ತು ಹಿಂದೆ ಬೀಳುತ್ತದೆ. ಎರಡು ತಿಂಗಳು ಗಮನಿಸದೆ ಬಿಟ್ಟಿದ್ದರಿಂದ ಒಮ್ಮೆ ದೀಪ ರಾತ್ರಿ ಹತ್ತರ ತನಕ ಉರಿಯುತ್ತಿತ್ತು. ಈಗ ಒಳಗೆ ಸಣ್ಣ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ಹಾಕಿದ್ದೇನೆ.

ಆಮೇಲೆ ಬೆಳಕಿನ ನಕ್ಷೆ ಮಾಡಿಕೊಂಡೆ. ತಳವನ್ನು ಒಂಬತ್ತು ಮನೆಗಳಾಗಿ ಮನಸ್ಸಿನಲ್ಲೇ ಭಾಗಿಸಿ, ಪ್ರತಿ ಮನೆಯಲ್ಲೂ ಮೀಟರಿನ ಕಣ್ಣನ್ನು ಎಲೆಯ ಎತ್ತರಕ್ಕೆ ಹಿಡಿದು ಅಂಕಿ ಬರೆದೆ. ನಡುವೆ 7,200, ಮುಂದಿನ ಎರಡು ಮೂಲೆಗಳಲ್ಲಿ 3,900. ಮುಚ್ಚಳದಿಂದ 15 ಸೆಂಟಿಮೀಟರ್ ಕೆಳಗೆ, ನಡುವೆ, 12,000. ಹಿಂದಿನ ಗಾಜಿಗೆ ಹೊರಗಿನಿಂದ ಬಿಳಿ ಹಾಳೆ ಅಂಟಿಸಿದ ಮೇಲೆ ಹಿಂದಿನ ಸಾಲು ಸುಮಾರು 600ರಷ್ಟು ಏರಿತು. ಎರಡು ರೂಪಾಯಿಯ ಹಾಳೆಯಿಂದ ಇಷ್ಟು ಲಾಭ ಇನ್ನೆಲ್ಲೂ ನನಗೆ ಸಿಕ್ಕಿಲ್ಲ. ಒಂದೇ ಪೆಟ್ಟಿಗೆಯಲ್ಲಿ ಮೂರು ಪಟ್ಟು ವ್ಯತ್ಯಾಸವಿದೆ ಎಂದು ತಿಳಿದ ಮೇಲೆ ಗಿಡಗಳಿಗೆ ಜಾಗ ಹುಡುಕುವುದು ಸುಲಭವಾಯಿತು. ಲುಡಿಸಿಯಾ ಮುಂದಿನ ಮೂಲೆಗೆ ಹೋಯಿತು, ಪ್ಯಾಫಿಯೋಪೆಡಿಲಮ್ ಹಿಂದಿನ ಸಾಲಿಗೆ. ಫೆಲನಾಪ್ಸಿಸ್ ಎರಡನ್ನೂ ನಡುವಿನಲ್ಲಿ ಮಗುಚಿಟ್ಟ ಕುಂಡದ ಮೇಲೆ ತುಸು ಎತ್ತರಕ್ಕೆ ಇಟ್ಟೆ. ಮೊದಲು ಹೆಚ್ಚೇ ಎತ್ತರಿಸಿದ್ದರಿಂದ ಮೂರು ವಾರದಲ್ಲಿ ಎಲೆಯ ಅಂಚಿಗೆ ಕೆಂಪು ಏರಿತ್ತು. ನಾಲ್ಕು ಬೆರಳು ಇಳಿಸಿ 8,000 ಲಕ್ಸ್‌ಗೆ ತಂದ ಮೇಲೆ ಹೊಸ ಎಲೆ ತಿಳಿ ಹಸಿರಾಗಿ, ಗಟ್ಟಿಯಾಗಿ, ಅಡ್ಡಕ್ಕೆ ಚಾಚಿಕೊಂಡು ಬಂದಿತು.

ನವೆಂಬರಿನಲ್ಲಿ ರಾತ್ರಿ ತಂಪಾದಾಗ ದೀಪ ಆರಿದ ಮೇಲೆ ಅರ್ಧ ಮುಚ್ಚಳವನ್ನು ತೆಗೆದಿಡತೊಡಗಿದೆ. 28 ಡಿಗ್ರಿಯ ಮೇಲೆಯೇ ಉಳಿದರೆ ಫೆಲನಾಪ್ಸಿಸ್ ಎಲೆ ಬಿಡುತ್ತಲೇ ಇರುತ್ತದೆ, ಹೂದಂಡಿಗೆ ಕೆಲವು ವಾರಗಳ ತಂಪು ಬೇಕು. ಡಿಸೆಂಬರ್ ಮಧ್ಯದಲ್ಲಿ ದೊಡ್ಡ ಗಿಡದ ಕೆಳಗಿನ ಎಲೆಯ ಕಂಕುಳಲ್ಲಿ ಹಸಿರು ಮೊಳಕೆಯೊಂದು ಕಂಡಿತು. ಬೇರಾಗಿದ್ದರೆ ತುದಿ ಗುಂಡಗೆ, ನುಣುಪಾಗಿ ಇರುತ್ತದೆ. ಇದರ ತುದಿ ತುಸು ಚಪ್ಪಟೆಯಾಗಿತ್ತು, ಹೆಬ್ಬೆರಳು ಮಾತ್ರ ಬೇರೆಯಾಗಿರುವ ಉಣ್ಣೆಯ ಕೈಗವಸಿನಂತೆ ಒಂದು ಪಕ್ಕಕ್ಕೆ ಮಡಿಕೆ ಇತ್ತು. ಕೊಳೆಗೆ ಎಲೆ ಕಳೆದುಕೊಂಡ ಚಿಕ್ಕ ಗಿಡ ಈ ವರ್ಷ ಹೂದಂಡು ಬಿಡಲಿಲ್ಲ, ಎರಡು ಹೊಸ ಎಲೆ ಬಿಟ್ಟಿದೆ.

ಈ ಫೆಬ್ರವರಿಯಲ್ಲಿ ಮತ್ತೆ ಅಳೆದಾಗ ನಡುವಿನ 7,200 ಇದ್ದದ್ದು 6,100ಕ್ಕೆ ಇಳಿದಿತ್ತು. ಎಲ್‌ಇಡಿ ಮಂಕಾಯಿತೆಂದು ಗಾಬರಿಯಾಯಿತು, ಆದರೆ ಮೀಟರನ್ನು ಮುಚ್ಚಳದ ಮೇಲೆ ದೀಪದ ಕೆಳಗೇ ಇಟ್ಟಾಗ ಅಂಕಿ ಮೊದಲಿನಷ್ಟೇ ಬಂದಿತು. ತಪ್ಪು ಗಾಜಿನದು: ನೀರು ಆರಿದ ಜಾಗದಲ್ಲೆಲ್ಲ ಸುಣ್ಣದ ಬಿಳಿ ಪೊರೆ ಕಟ್ಟಿತ್ತು, ಮೂಲೆಯಲ್ಲಿ ಹಸಿರು ಪಾಚಿಯೂ ಹಬ್ಬಿತ್ತು. ಮುಚ್ಚಳ ಹೊರಗೆ ತೆಗೆದು, ವಿನೆಗರ್ ನೆನೆಸಿದ ಬಟ್ಟೆಯಿಂದ ಉಜ್ಜಿ, ನೀರಿನಲ್ಲಿ ತೊಳೆದು ಒಣಗಿಸಿ ಇಟ್ಟಾಗ 7,100 ತೋರಿಸಿತು. ಎಲೆಗಳಿಗೆ ಚಿಮುಕಿಸಲು ಈಗ ಕುಡಿಯುವ ನೀರಿನ ಫಿಲ್ಟರಿನಿಂದ ಬಂದ ನೀರನ್ನೇ ಬಳಸುತ್ತಿದ್ದೇನೆ. ಮುಂದಿನ ಒರೆಸುವ ದಿನಾಂಕವನ್ನು ಮಾರ್ಕರ್ ಪೆನ್ನಿನಿಂದ ಚಾನಲ್ಲಿನ ಬೆನ್ನಿನ ಮೇಲೆ ಬರೆದಿಟ್ಟಿದ್ದೇನೆ: ಏಪ್ರಿಲ್ 5, ಟೈಮರಿನ ಹೊತ್ತನ್ನು ಮತ್ತೆ ಬೆಳಗಿನ ಜಾವಕ್ಕೆ ಸರಿಸಬೇಕಾದ ದಿನವೂ ಅದೇ.